ಮುಖ್ಯ ಚಾಲಕಿ

"ಇದೇನ್ರೀ, ನನ್ನ ಹೆಸರನ್ನ ಪೆನ್ಸಿಲಲ್ಲಿ ಬರ್ದಿದೀರಿ?"

ಏಜೆಂಟ್ ಬಾಯಿಯ ಹತ್ತಿರ ಒಯ್ದ ಚಹಾದ ಲೋಟವನ್ನು ಹಾಗೇ ಹಿಡಿದು ಕೂತ. ಮೇಜಿನ ಮೇಲೆ ಕಾರಿನ ಇನ್ಶೂರೆನ್ಸ್ ಅರ್ಜಿ ಬಿಡಿಸಿಟ್ಟಿತ್ತು. 'ಮುಖ್ಯ ಚಾಲಕರು' ಅನ್ನುವ ಸಾಲಿನ ಮೇಲೆ ಊರಿದ ದೊಡ್ಡಮ್ಮನ ತೋರುಬೆರಳು ಕದಲುತ್ತಿರಲಿಲ್ಲ. ಅಲ್ಲಿ ಅವಳ ಹೆಸರಿತ್ತು, ಮಸುಕು ಅಕ್ಷರದಲ್ಲಿ. ಅದರ ಕೆಳಗೆ 'ಇತರ ಚಾಲಕರು' ಅನ್ನುವಲ್ಲಿ ಹುಡುಗಿಯ ಹೆಸರು, ಅದು ಮಾತ್ರ ಶಾಯಿಯಲ್ಲಿ.

"ನೀವು ಒಪ್ಪಿದ್ರೆ ಪೆನ್ನಲ್ಲಿ ತಿದ್ದೋಣ ಅಂತ, ಅಮ್ಮ."

"ಒಪ್ಪದಿದ್ರೆ ರಬ್ಬರಲ್ಲಿ ಉಜ್ಜೋಣ ಅಂತ. ಅಲ್ವಾ?"

ಏಜೆಂಟ್ ನಕ್ಕ. ದೊಡ್ಡಮ್ಮ ನಗಲಿಲ್ಲ. ನಗುವವರನ್ನು ಅವಳು ಮೂವತ್ತನಾಲ್ಕು ವರ್ಷ ನೋಡಿದ್ದಳು. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಊರಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದು, ತಕ್ಕಡಿ ಮಗುಚಿ, ತಟ್ಟೆಯ ಅಡಿಗೆ ಅಂಟಿಸಿದ ಮೇಣದ ಉಂಡೆಗಳನ್ನು ಉಗುರಿನಿಂದ ಕೆರೆದು ತೆಗೆದವಳು ಅವಳು. ಮೇಣ ಅಂಟಿಸಿದವನೇ ಎಲ್ಲರಿಗಿಂತ ಮೊದಲು ಕುರ್ಚಿ ಎಳೆದು ಹಾಕಿ, ಎಲ್ಲರಿಗಿಂತ ಚೆನ್ನಾಗಿ ನಗುತ್ತಾನೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿವೃತ್ತಿಯಾಗಿ ಆರು ವರ್ಷವಾದರೂ ಹಾಲಿನವನ ಅಳತೆ ಪಾತ್ರೆಯ ತಳವನ್ನು ಬೆರಳಿನಿಂದ ತಟ್ಟಿ ನೋಡುವ ಚಾಳಿ ಹೋಗಿರಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಬೇರೆಯವರು ಗಾದೆ ಹೇಳಿದರೆ, ಅವಳು ಅದನ್ನೇ ಇಲಾಖೆಯ ವರದಿಯ ಹಾಗೆ ಹೇಳುತ್ತಿದ್ದಳು.

ಹುಡುಗಿ ಅವಳ ತಂಗಿಯ ಮಗಳು. ಓದಲಿಕ್ಕೆಂದು ಹದಿನೈದನೇ ವಯಸ್ಸಿಗೆ ಬಂದವಳಿಗೆ ಈಗ ಇಪ್ಪತ್ತು. ದೊಡ್ಡಮ್ಮ ಅವಳನ್ನು ಮರಿ ಅಂತ ಕರೆಯುತ್ತಿದ್ದಳು. ಸಿಟ್ಟು ಬಂದಾಗಲೂ ಮರಿಯೇ, ದನಿ ಮಾತ್ರ ಬೇರೆ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ದಂತವೈದ್ಯರ ಕ್ಲಿನಿಕ್ಕುಗಳಿಂದ ರೋಗಿಗಳ ಬಾಯಿಯ ಅಚ್ಚು ತರುವುದು, ತಯಾರಾದ ಹಲ್ಲುಗಳನ್ನು ವಾಪಸು ತಲುಪಿಸುವುದು. ಸ್ವಂತ ಕಾರಿರಬೇಕು, ಕಾಗದಪತ್ರ ಸರಿಯಿರಬೇಕು, ಸೋಮವಾರದಿಂದ ಬರಬೇಕು, ಇಲ್ಲದಿದ್ದರೆ ಬೇರೆಯವರಿದ್ದಾರೆ ಅಂದಿದ್ದ ಲ್ಯಾಬಿನ ಯಜಮಾನ. ಔಷಧಿ ಅಂಗಡಿಯಲ್ಲಿ ಎರಡು ವರ್ಷ ನಿಂತು ಕೂಡಿಟ್ಟಿದ್ದರಲ್ಲಿ ಹುಡುಗಿ ಹಳೆಯದೊಂದು ನೀಲಿ ಕಾರು ಕೊಂಡಳು. ಕೊಂಡ ಮೇಲೆ ಇನ್ಶೂರೆನ್ಸ್ ವಿಚಾರಿಸಿದಳು. ಎಡವಿದ್ದು ಅಲ್ಲೇ.

ಏಳು ಕಂಪನಿ ಸುತ್ತಿದಳು. ಎಲ್ಲರೂ ಕೂರಿಸಿ ಮಾತಾಡಿಸಿದರು. ವಯಸ್ಸು ಕೇಳಿದ ಕೂಡಲೇ ಮುಖ ಹುಳ್ಳಗೆ ಮಾಡಿಕೊಂಡರು. ಇಪ್ಪತ್ತೈದು ದಾಟದವರು ಎಲ್ಲಾದರೂ ಗುದ್ದಿಯೇ ಗುದ್ದುತ್ತಾರೆ ಅಂತ ಅವರ ನಂಬಿಕೆ. ಅವರು ಹೇಳಿದ ವರ್ಷದ ಕಂತು ಕಾರಿನ ಬೆಲೆಯನ್ನೇ ಮೀರುತ್ತಿತ್ತು, ಮೂಗಿಗಿಂತ ಮೂಗುತಿ ಭಾರ. ಎಂಟನೆಯವನು ಈ ಏಜೆಂಟ್. ಕರೆಯದೆ ಮನೆಗೇ ಬಂದಿದ್ದ. ದೊಡ್ಡಮ್ಮನಿಗೆ ಅನುಮಾನ ಶುರುವಾದದ್ದೇ ಅದರಿಂದ.

"ನೋಡಿ ಅಮ್ಮ," ಅಂದ ಅವನು, "ನಿಮ್ಮ ಲೈಸೆನ್ಸಿಗೆ ಮೂವತ್ತೆಂಟು ವರ್ಷ. ಒಂದು ಗೀರಿಲ್ಲ, ಒಂದು ದಂಡ ಇಲ್ಲ. ನಿಮ್ಮಂಥವರು ಕಂಪನಿಗೆ ಚಿನ್ನ. ನೀವು ಮುಖ್ಯ ಚಾಲಕಿ, ಮಗು ಯಾವಾಗಲೋ ಒಮ್ಮೆ ಓಡಿಸೋಳು ಅಂತ ಹಾಕಿದ್ರೆ ಕಂತು ಮೂರನೇ ಒಂದು ಭಾಗಕ್ಕೆ ಇಳಿಯತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಾನು ಸ್ಟೀರಿಂಗ್ ಮುಟ್ಟಿ ಇಪ್ಪತ್ತೆರಡು ವರ್ಷ ಆಯ್ತು. ಓಡಿಸ್ದೇ ಇದ್ರೆ ಗೀರು ಎಲ್ಲಿಂದ ಬರತ್ರೀ?"

"ಅದನ್ನ ಅರ್ಜೀಲಿ ಕೇಳಿಲ್ವಲ್ಲ ಅಮ್ಮ. ಎಲ್ಲಾರೂ ಹೀಗೇ ಮಾಡೋದು."

ಎಲ್ಲಾರೂ ಹೀಗೇ ಮಾಡೋದು! ಮೇಣದ ಉಂಡೆಯನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಅಂಗಡಿಯವರೆಲ್ಲ ಹೇಳುತ್ತಿದ್ದದ್ದು ಇದೇ ಮಾತು, ಅಕ್ಷರ ಕೂಡ ಹೆಚ್ಚುಕಮ್ಮಿ ಇಲ್ಲ. "ಅರ್ಜಿ ಇಲ್ಲೇ ಇರ್ಲಿ, ಓದ್ತೀನಿ. ನೀವು ಹೊರಡಿ," ಅಂದಳು ದೊಡ್ಡಮ್ಮ. ಅವನು ಚಹಾ ಪೂರ್ತಿ ಕುಡಿಯದೆ ಎದ್ದ.

ಬಾಗಿಲು ಹಾಕುವಷ್ಟರಲ್ಲಿ ಹುಡುಗಿ ಸಿಡಿದಳು. "ಓದೋಕೆ ಏನಿದೆ ಅದರಲ್ಲಿ? ಒಂದು ಸಹಿ ಹಾಕೋಕೆ ನಿನ್ನ ಗಂಟು ಹೋಗ್ತಿತ್ತಾ? ನಿನಗೆ ಲೋಕದಲ್ಲಿ ಇರೋರೆಲ್ಲ ಕಳ್ಳರೇ, ದೊಡ್ಡಮ್ಮ. ನಾನೂ ಕಳ್ಳೀನೇ. ಐದು ವರ್ಷದಿಂದ ಇದೀನಿ ಈ ಮನೇಲಿ, ಹಾಲಿನವನ ಪಾತ್ರೆ ತಟ್ಟಿದ ಹಾಗೆ ನನ್ನನ್ನೂ ದಿನಾ ತಟ್ಟಿ ನೋಡ್ತೀಯ."

ಅಂದವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಂಗಡಿಯವರು ದೊಡ್ಡಮ್ಮನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು, ಒಬ್ಬ ಕಲ್ಲು ಕೂಡ ತೂರಿದ್ದ, ಅದ್ಯಾವುದೂ ಇಷ್ಟು ನಾಟಿರಲಿಲ್ಲ. ಮಾತು ಸುಳ್ಳಾಗಿದ್ದರೆ ತಿರುಗಿ ಬೈದು ಸುಮ್ಮನಾಗಬಹುದಿತ್ತು. ಹುಡುಗಿಯ ಚೀಲ, ಹುಡುಗಿಯ ಫೋನು, ಅಂಗಡಿಯಿಂದ ಅವಳು ತಂದ ಚಿಲ್ಲರೆ, ಎಲ್ಲವನ್ನೂ ದೊಡ್ಡಮ್ಮ ಒಂದಲ್ಲ ಒಂದು ದಿನ ತಟ್ಟಿ ನೋಡಿದ್ದು ನಿಜವೇ ಆಗಿತ್ತು.

ಅವಳು ಕನ್ನಡಕ ಏರಿಸಿ ಅರ್ಜಿ ಓದತೊಡಗಿದಳು, ಹಿಂಬದಿಯ ಇರುವೆ ಅಕ್ಷರವನ್ನೂ ಬಿಡದೆ. 'ವ್ಯಾಪಾರಕ್ಕೆ ಬಳಸುತ್ತೀರಾ' ಅನ್ನುವಲ್ಲಿ ಏಜೆಂಟ್ 'ಇಲ್ಲ' ಅಂತ ಗುರುತು ಹಾಕಿಬಿಟ್ಟಿದ್ದ. "ಬಂತು ನೋಡು ಮೇಣ," ಅಂತ ಗೊಣಗಿ ಅದನ್ನು ಹೊಡೆದು 'ಹೌದು' ಮಾಡಿದಳು. ಕಂತು ಅಷ್ಟರಮಟ್ಟಿಗೆ ಏರುತ್ತದೆ, ಏರಲಿ. ನಾಲ್ಕನೇ ಪುಟದ ಕೆಳಗೆ ಇನ್ನೊಂದು ಸಾಲು ಸಿಕ್ಕಿತು. ಮುಖ್ಯ ಚಾಲಕರೆಂದರೆ ಉಳಿದ ಚಾಲಕರಿಗಿಂತ ಹೆಚ್ಚು ದೂರ ಆ ವಾಹನವನ್ನು ಓಡಿಸುವವರು. ಎಷ್ಟು ಹೆಚ್ಚು ಅಂತ ಬರೆದಿರಲಿಲ್ಲ. ಒಂದು ಕಿಲೋಮೀಟರ್ ಹೆಚ್ಚಾದರೂ ಹೆಚ್ಚೇ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ವಾಲಿದ್ದೇ ತಾನೆ?

ಅವಳು ಹೋಗಿ ಕೋಣೆಯ ಬಾಗಿಲು ಬಡಿದಳು. "ಏ ಮರಿ, ಅತ್ತಿದ್ದು ಸಾಕು, ಬಾ ಈಚೆ. ಸಹಿ ಹಾಕ್ತೀನಿ. ಆದ್ರೆ ಹಾಕಿದ ಸಹಿ ಸುಳ್ಳಾಗಬಾರದು. ನೀನು ಎಷ್ಟು ಓಡಿಸ್ತೀಯೋ ಅದಕ್ಕಿಂತ ಒಂದು ಕಿಲೋಮೀಟರ್ ಜಾಸ್ತಿ ನಾನು ಓಡಿಸ್ತೀನಿ."

ಚಿಲಕ ತೆಗೆದ ಹುಡುಗಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಓಡಿಸಿ ಎಲ್ಲಿಗೆ ಹೋಗ್ತೀಯ?"

"ಅದನ್ನ ಅರ್ಜೀಲಿ ಕೇಳಿಲ್ಲ," ಅಂದಳು ದೊಡ್ಡಮ್ಮ.

ನೌಕರಿಯ ಮೊದಲ ಅರ್ಧದಲ್ಲಿ ಇಲಾಖೆಯ ವ್ಯಾನನ್ನು ಅವಳೇ ಓಡಿಸುತ್ತಿದ್ದಳು. ಹಿಂದೆ ಮರದ ಪೆಟ್ಟಿಗೆಗಳಲ್ಲಿ ತೂಕದ ಮಾದರಿ ಬಟ್ಟುಗಳು. ಒಂದಕ್ಕೊಂದು ತಾಗಿ ಸವೆಯಬಾರದೆಂದು ಹಳ್ಳ ಕಂಡರೆ ಇಳಿದು ನೋಡಿ ಮುಂದೆ ಹೋಗುವಂಥ ಓಟ. ಆಮೇಲೆ ಇಲಾಖೆ ಡ್ರೈವರನ್ನು ಕೊಟ್ಟಿತು, ಅಭ್ಯಾಸ ತಪ್ಪಿತು. ಈಗ ಮೊದಲ ದಿನ ನೀಲಿ ಕಾರು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಆರು ಸಲ ನಿಂತಿತು. ವಾರ ಕಳೆಯುವಷ್ಟರಲ್ಲಿ ಕೈಕಾಲಿಗೆ ಹಳೆಯದೆಲ್ಲ ನೆನಪಾಯಿತು. ಹಿಂದಿನ ಸೀಟಿನಲ್ಲಿ ಇಪ್ಪತ್ತು ಜನರ ಹಲ್ಲು, ಮುಂದೆ ಇಬ್ಬರ ಬಾಯಿ, ಅರ್ಧ ದಾರಿ ಒಬ್ಬಳು, ಅರ್ಧ ದಾರಿ ಇನ್ನೊಬ್ಬಳು ಓಡಿಸುತ್ತಾ ಹೀಗೆ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಹದಿನೈದು ದಿನ ನಡೆಯಿತು. ಆಮೇಲೆ ಲ್ಯಾಬಿನ ಯಜಮಾನ ತಗಾದೆ ತೆಗೆದ. "ಕೆಲಸಕ್ಕೆ ತಗೊಂಡಿದ್ದು ಒಬ್ಬಳನ್ನ. ದೊಡ್ಡಮ್ಮ, ಚಿಕ್ಕಮ್ಮ ಎಲ್ಲಾರೂ ಬಂದ್ರೆ ಡಾಕ್ಟರುಗಳು ಏನಂದ್ಕೋತಾರೆ?"

ಅಂದಿನಿಂದ ಹಗಲು ಕಾರು ಹುಡುಗಿಗೆ, ಸಂಜೆ ದೊಡ್ಡಮ್ಮನಿಗೆ. ಬೀದಿಯ ತುದಿಯಲ್ಲಿ ಗೋದಾಮುಗಳಿದ್ದವು, ಅವುಗಳ ಸುತ್ತ ಒಂದು ರಸ್ತೆ, ಒಂದು ಸುತ್ತಿಗೆ ನಾಲ್ಕು ಕಿಲೋಮೀಟರ್. ಹುಡುಗಿ ಬಂದು ತನ್ನ ದಿನದ ಓಟವನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಪುಸ್ತಕದಲ್ಲಿ ಬರೆಯುತ್ತಿದ್ದಳು. ಅದಕ್ಕೆ ಸರಿಗಟ್ಟುವಷ್ಟು ದೊಡ್ಡಮ್ಮ ಗಾಣದೆತ್ತಿನ ಹಾಗೆ ಗೋದಾಮು ಸುತ್ತಿ, ತನ್ನ ಓಟವನ್ನು ಪಕ್ಕದಲ್ಲಿ ಬರೆಯುತ್ತಿದ್ದಳು. ಒಟ್ಟಿನಲ್ಲಿ ಯಾವಾಗಲೂ ಅವಳದು ಒಂದು ಕಿಲೋಮೀಟರ್ ಹೆಚ್ಚು.

"ಉಳಿಸಿದ್ದರಲ್ಲಿ ಅರ್ಧ ಪೆಟ್ರೋಲಿಗೇ ಹೋಗ್ತಿದೆಯಲ್ಲ ದೊಡ್ಡಮ್ಮ," ಅಂತ ಹುಡುಗಿ ಹಲುಬಿದರೆ, "ಇನ್ನರ್ಧ ಉಳೀತಲ್ಲ," ಅನ್ನುತ್ತಿದ್ದಳು.

ಒಂದನ್ನು ಮಾತ್ರ ಅವಳು ಮಾಡಲಿಲ್ಲ. ಹುಡುಗಿ ಬರೆದ ಅಂಕಿಯನ್ನು ಕಾರಿನ ಮೀಟರಿಗೆ ಹೋಲಿಸಿ ನೋಡಲಿಲ್ಲ. ಆ ಜಗಳದ ದಿನವೇ ಗಟ್ಟಿ ಮಾಡಿಕೊಂಡಿದ್ದಳು: ಇದೊಂದನ್ನು ನಾನು ತಟ್ಟಿ ನೋಡುವುದಿಲ್ಲ. ಸಿಹಿ ಬಿಟ್ಟವರಿಗೆ ಸಕ್ಕರೆ ಡಬ್ಬಿ ಎದುರಿಗಿಟ್ಟ ಹಾಗಾಗುತ್ತಿತ್ತು. ಮೀಟರು ಕಣ್ಣೆದುರೇ ಇರುತ್ತಿತ್ತು, ಅವಳು ಸುತ್ತು ಎಣಿಸಿಕೊಂಡು ರಸ್ತೆ ನೋಡುತ್ತಿದ್ದಳು.

ಮೂರು ತಿಂಗಳು ಹೀಗೇ ಕಳೆಯಿತು. ಮಂಡಿ ಕೈಕೊಟ್ಟಿತು. ಕ್ಲಚ್ಚು ಒತ್ತಿ ಒತ್ತಿ ಎಡಗಾಲು ಮಲಗಿದಾಗಲೂ ಮಿಡಿಯುತ್ತಿತ್ತು. ಬಿಸಿನೀರಿನ ಚೀಲ ಇಟ್ಟುಕೊಂಡು, ನೋವಿಲ್ಲ ಅಂತ ಸಾಧಿಸುತ್ತಿದ್ದಳು. ನಾಲ್ಕನೇ ತಿಂಗಳಲ್ಲಿ ಹುಡುಗಿಯ ಓಟ ಇದ್ದಕ್ಕಿದ್ದಂತೆ ಇಳಿಯಿತು. "ಇವತ್ತು ನಾಲ್ಕು ಸುತ್ತು ಸಾಕು ನಿನಗೆ, ನನಗೆ ಕೆಲಸ ಕಮ್ಮಿ ಇತ್ತು," ಅನ್ನುತ್ತಿದ್ದಳು, ಕಣ್ಣು ತಪ್ಪಿಸಿ. ಕೆಲಸ ಕಮ್ಮಿಯಾದವಳು ಮೊದಲಿನ ಹೊತ್ತಿಗೇ ಸುಸ್ತಾಗಿ ಬರುತ್ತಿದ್ದಳು. ದೊಡ್ಡಮ್ಮನ ಮೂಗು ಅರಳಿತು. ಅರಳಿದ ಮೂಗನ್ನು ತಾನೇ ಬೈದು ಸುಮ್ಮನಿರಿಸಿದಳು.

ಅಷ್ಟರಲ್ಲಿ ಬೂದು ಕಾರು ಬಂತು. ಎದುರು ಮನೆಯ ಗೋಡೆಗೆ ತಾಗಿಸಿ ನಿಲ್ಲಿಸಿಕೊಂಡು ಒಳಗೊಬ್ಬ ಮೀಸೆಯವನು ಪೇಪರ್ ಓದುತ್ತಿದ್ದ. ಬೆಳಿಗ್ಗೆ ಹುಡುಗಿ ಹೊರಟರೆ ಹಿಂದೆಯೇ ಹೊರಡುತ್ತಿದ್ದ, ಸಂಜೆ ಮತ್ತೆ ಅಲ್ಲೇ. ಮೊದಲ ದಿನ ಯಾರೋ ಅಂದುಕೊಂಡಳು ದೊಡ್ಡಮ್ಮ. ಎರಡನೆಯ ದಿನ ಕಿಟಕಿಯ ಪರದೆ ಸರಿಸಿ ಅವನನ್ನೇ ನೋಡಿದಳು. ಹುಡುಗಿಯ ಹಿಂದೆ ಗಂಡಸೊಬ್ಬ ಯಾಕೆ ಬಿದ್ದಿದ್ದಾನೆ? ಇವಳು ಎಲ್ಲಿಗೆ ಹೋಗುತ್ತಾಳೆ, ಯಾರಿಗೆ ಏನು ಸಾಗಿಸುತ್ತಾಳೆ? ಹಲ್ಲಿನ ಪೆಟ್ಟಿಗೆಯಲ್ಲಿ ಹಲ್ಲೇ ಇದೆಯೋ, ಯಾರು ತೆರೆದು ನೋಡಿದ್ದಾರೆ? ಮೂರನೆಯ ದಿನ ಬೆಳಕು ಹರಿಯುವಾಗ, ಹುಡುಗಿ ಏಳುವ ಮೊದಲು, ಚಪ್ಪಲಿ ಕೈಯಲ್ಲಿ ಹಿಡಿದು, ತನ್ನ ಮನೆಯಿಂದಲೇ ಕಳ್ಳಿಯ ಹಾಗೆ ಹೊರಗೆ ಬಂದು ಕಾರಿನ ಮೀಟರ್ ನೋಡಿದಳು. ಪುಸ್ತಕ ತಂದು, ಮೊದಲ ಪುಟದ ಶುರುವಿನ ಅಂಕಿಗೆ ಇಬ್ಬರ ಓಟವನ್ನೂ ಎರಡೆರಡು ಸಲ ಕೂಡಿಸಿದಳು. ಪುಸ್ತಕದಲ್ಲಿ ಇರುವುದಕ್ಕಿಂತ ಕಾರು ನಲವತ್ತು ಕಿಲೋಮೀಟರ್ ಹೆಚ್ಚು ಓಡಿತ್ತು.

ಅವಳು ಪುಸ್ತಕ ಮುಚ್ಚಿ ಕಾರಿನ ಬಾನೆಟ್ಟಿನ ಮೇಲಿಟ್ಟಳು. ಕಳ್ಳ ಸಿಕ್ಕಾಗ ಮೊದಲೆಲ್ಲ ಒಂದು ಖುಷಿಯಾಗುತ್ತಿತ್ತು. ಇವತ್ತು ಅಳು ಬಂತು.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬೂದು ಕಾರು ಮತ್ತೆ ಬಂದು ನಿಂತಾಗ ಅವಳು ನೆಟ್ಟಗೆ ಹೋಗಿ ಅದರ ಗಾಜು ಕುಟ್ಟಿದಳು.

"ಪೇಪರ್ ತಿರುಗಿಸಿ ಹಾಕ್ರೀ. ನಿನ್ನೆಯಿಂದ ಅದೇ ಪುಟ ಓದ್ತಿದೀರಿ."

ಮೀಸೆಯವನು ಬೆಚ್ಚಿಬಿದ್ದ.

"ನಾನೂ ಮೂವತ್ತನಾಲ್ಕು ವರ್ಷ ಹೀಗೇ ಅಂಗಡಿಗಳ ಎದುರಿಗೆ ಕೂತಿದ್ದೆ. ನಿಮ್ಮ ಕೈ ಇನ್ನೂ ಪಳಗಿಲ್ಲ. ಯಾರು ನೀವು? ನಮ್ಮ ಹುಡುಗಿ ಹಿಂದೆ ಯಾಕೆ ಬಿದ್ದಿದೀರಿ?"

ಅವನು ಇಳಿದು ಗುರುತಿನ ಚೀಟಿ ತೋರಿಸಿದ. ಇನ್ಶೂರೆನ್ಸ್ ಕಂಪನಿಯ ತನಿಖೆಯವನು. ದೊಡ್ಡಮ್ಮ ಚೀಟಿಯನ್ನು ಬಿಸಿಲಿಗೆ ಹಿಡಿದು ಎರಡೂ ಕಡೆ ನೋಡಿ, ಸರಿ ಅನ್ನಿಸಿದ ಮೇಲೆ ಒಳಗೆ ಕರೆದು ಕೂರಿಸಿದಳು. ಅಂದು ಲ್ಯಾಬಿಗೆ ವಾರದ ರಜೆ, ಕಾರು ಕದಲಿರಲಿಲ್ಲ; ಅಷ್ಟರಲ್ಲಿ ಕೋಣೆಯಿಂದ ಹುಡುಗಿಯೂ ಬಂದಳು. ಹೊಸಬನನ್ನು ನೋಡಿ ಗೋಡೆಗೆ ಒರಗಿ ನಿಂತಳು.

"ಸುತ್ತುಬಳಸು ಮಾತು ಬೇಡ ಅಮ್ಮ," ಅಂದ ಅವನು. "ಇಪ್ಪತ್ತರ ಹುಡುಗಿ, ದಿನವಿಡೀ ಸರಕು ಸಾಗಿಸೋ ಕೆಲಸ. ಅರವತ್ತು ದಾಟಿದ ನೀವು ಮುಖ್ಯ ಚಾಲಕಿ. ಇಂಥದ್ದನ್ನ ನಾವು ದಿನಾ ಹಿಡೀತೀವಿ. ನಾನು ಇವತ್ತು ವರದಿ ಕಳಿಸಬೇಕು. ಸುಳ್ಳು ಅಂತ ಬರೆದ್ರೆ ಪಾಲಿಸಿ ಇವತ್ತಿಗೇ ರದ್ದು. ಆಮೇಲೆ ಯಾವ ಕಂಪನಿಯೂ ಇವಳನ್ನ ಹತ್ತಿರ ಸೇರಿಸಲ್ಲ."

ಪಾಲಿಸಿ ಇಲ್ಲದಿದ್ದರೆ ಕಾರಿಲ್ಲ, ಕಾರಿಲ್ಲದಿದ್ದರೆ ಕೆಲಸವಿಲ್ಲ, ಅದು ಮೂವರಿಗೂ ಗೊತ್ತಿತ್ತು.

"ಎರಡು ದಿನ ನೋಡಿದ್ರಲ್ಲ. ನಾನು ಓಡಿಸಲ್ವಾ?" ಅಂದಳು ದೊಡ್ಡಮ್ಮ.

"ಅದೇ ನನಗೆ ಅರ್ಥ ಆಗ್ತಿಲ್ಲ. ಗೋದಾಮಿನ ಸುತ್ತ ಸುತ್ತಿ ಸುತ್ತಿ ವಾಪಸ್ ಬರ್ತೀರಿ. ಎಲ್ಲೂ ನಿಲ್ಲಿಸಲ್ಲ, ಯಾರನ್ನೂ ಮಾತಾಡ್ಸಲ್ಲ. ಹಿಂದೆ ಬಂದು ಬಂದು ನನಗೆ ತಲೆ ತಿರುಗ್ತು. ಅಲ್ಲಿ ಏನು ಕೆಲಸ ನಿಮಗೆ?"

"ಏನೂ ಇಲ್ಲ."

"ಮತ್ತೆ ಯಾಕೆ ಸುತ್ತೋದು?"

"ನಂದು ಹೆಚ್ಚಾಗ್ಬೇಕಲ್ಲ, ಅದಕ್ಕೆ." ಅವಳು ಮೊಳೆಯಿಂದ ಪುಸ್ತಕ ತೆಗೆದು ಅವನ ಮುಂದಿಟ್ಟಳು.

ಅವನು ಓದಿದ. ಕಳ್ಳಸಾಗಣೆ, ಖೋಟಾ ಸಹಿ, ಸತ್ತವರ ಹೆಸರಿನ ಲೈಸೆನ್ಸು, ಎಲ್ಲವನ್ನೂ ಕಂಡವನಿಗೆ ಒಂದು ಸಾಲು ಸುಳ್ಳಾಗಬಾರದೆಂದು ಪೆಟ್ರೋಲ್ ಸುಡುವವರು ಇದ್ದಾರೆಂದು ನಂಬಲು ಸ್ವಲ್ಪ ಸಮಯ ಬೇಕಾಯಿತು. ಅವನ ಮುಖ ಮೆತ್ತಗಾಯಿತು. ಆಮೇಲೆ ಹೊರಗೆ ಹೋಗಿ ಮೀಟರ್ ನೋಡಿ ಬಂದ, ಕ್ಯಾಲ್ಕುಲೇಟರ್ ಒತ್ತಿದ.

"ನಲವತ್ತು ಕಿಲೋಮೀಟರ್ ಪುಸ್ತಕದಲ್ಲಿಲ್ಲ," ಅಂದ. ದೊಡ್ಡಮ್ಮನ ಮುಖ ನೋಡಿ ದನಿ ತಗ್ಗಿಸಿದ. "ನೀವು ಓಡಿಸಿ ಬರೆಯೋದು ಮರ್ತಿರಬೇಕು. ಅಲ್ವಾ ಅಮ್ಮ? ಹಾಗಿದ್ರೆ ಹೇಳಿ, ಇಲ್ಲಿಗೆ ಮುಗಿಸ್ತೀನಿ."

ಬಾಗಿಲು ತೆರೆದೇ ಕೊಟ್ಟಿದ್ದ ಪುಣ್ಯಾತ್ಮ. ಹೂಂ ಅಂದರೆ ಸಾಕಿತ್ತು. ದೊಡ್ಡಮ್ಮನ ನಾಲಿಗೆಯ ತುದಿಗೆ ಹೂಂ ಬಂದು ಕೂತಿತು, ಹುಡುಗಿ ಆ ನಲವತ್ತು ಕಿಲೋಮೀಟರ್ ಎಲ್ಲಿಗಾದರೂ ಹೋಗಿರಲಿ, ಯಾರ ಜೊತೆಗಾದರೂ ಹೋಗಿರಲಿ, ಅವಳ ಅನ್ನ ಹೋಗುವುದು ಬೇಡ ಅನ್ನಿಸಿತು. ಮೂವತ್ತನಾಲ್ಕು ವರ್ಷದಲ್ಲಿ ಹಾಕದ ಸುಳ್ಳು ಮುದ್ರೆಯೊಂದನ್ನು ಈಗ ಹಾಕಿಬಿಡೋಣ ಅಂತ ಅವಳು ಬಾಯಿ ತೆರೆದಳು.

"ಅದು ನಂದು," ಅಂದಳು ಹುಡುಗಿ ಗೋಡೆಯ ಪಕ್ಕದಿಂದ.

ಇಬ್ಬರೂ ತಿರುಗಿ ನೋಡಿದರು.

"ನಾನೇ ಓಡಿಸಿದ್ದು. ಕ್ಲಿನಿಕ್ಕುಗಳಿಗೇ. ಬರೀವಾಗ ಕಮ್ಮಿ ಬರೆದೆ. ಹತ್ತು ದಿನ, ದಿನಕ್ಕೆ ನಾಲ್ಕು ಕಿಲೋಮೀಟರ್." ಅವಳು ತನಿಖೆಯವನ ಕಡೆ ತಿರುಗಿದಳು. "ನಾನು ಕಮ್ಮಿ ಬರೆದ್ರೆ ದೊಡ್ಡಮ್ಮಂಗೆ ಒಂದು ಸುತ್ತು ಕಮ್ಮಿ ಆಗ್ತಿತ್ತು. ರಾತ್ರಿ ಎಲ್ಲ ಮಂಡಿ ಹಿಡ್ಕೊಂಡು ನರಳ್ತಾರೆ ಸಾರ್. ಕೇಳಿದ್ರೆ ನೋವೇ ಇಲ್ಲ ಅಂತಾರೆ. ಇನ್ನೇನು ಮಾಡ್ಲಿ?"

ದೊಡ್ಡಮ್ಮನಿಗೆ ಸಿಟ್ಟು ಬಂತು, ತನ್ನ ಮನೆಯಲ್ಲೇ ಅಳತೆ ತಪ್ಪಿಸಿದಳಲ್ಲ ಅಂತ. ಬೆಳಿಗ್ಗೆಯಿಂದ ತಾನು ಏನೇನು ಕಲ್ಪಿಸಿಕೊಂಡೆ ಅಂತ ನೆನೆದು ನಾಚಿಕೆಯಾಯಿತು. ಇದ್ದಲ್ಲಿಂದ ಎದ್ದು ಆ ಪೆದ್ದು ಹುಡುಗಿಯನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನುವಷ್ಟು ಪ್ರೀತಿಯೂ ಉಕ್ಕಿತು. ಮೂರೂ ಒಟ್ಟಿಗೆ ಬಂದದ್ದರಿಂದ ಏನು ಮಾಡಲೂ ತೋಚದೆ ಕನ್ನಡಕ ತೆಗೆದು ಒರೆಸಿಕೊಂಡಳು.

ತನಿಖೆಯವನು ಪೆನ್ನು ಕೆಳಗಿಟ್ಟ. "ಯಾಕಮ್ಮ ಹೇಳಕ್ಕೆ ಹೋದೆ?" ಅಂದ, ನಿಜವಾದ ಬೇಜಾರಿನಿಂದ. "ಈಗ ನಿಂದೇ ಹೆಚ್ಚಾಯ್ತಲ್ಲ. ಮೂವತ್ತೊಂಬತ್ತು ಹೆಚ್ಚು. ನಾನು ಏನಂತ ಬರೀಲಿ?"

"ವರದಿ ಯಾವಾಗ ಕಳಿಸಬೇಕು ಅಂದ್ರಿ?" ಅಂದಳು ದೊಡ್ಡಮ್ಮ.

"ಇವತ್ತು."

"ಇವತ್ತು ಇನ್ನೂ ಮುಗಿದಿಲ್ವಲ್ಲ." ಅವಳು ಮೇಜು ಹಿಡಿದು ಎದ್ದು ನಿಂತಳು. "ಮೂವತ್ತೊಂಬತ್ತಕ್ಕೆ ನಲವತ್ತು. ಹತ್ತು ಸುತ್ತು. ಏಳ್ರೀ, ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ನಿಮ್ಮ ಕಣ್ಣೆದುರಿಗೇ ಆಗ್ಲಿ."

"ದೊಡ್ಡಮ್ಮ, ಬೇಡ. ನಿನ್ನ ಕಾಲು..."

"ಬಾಯ್ಮುಚ್ಕೊಂಡು ಹಿಂದೆ ಹತ್ತು. ಸುತ್ತು ಎಣಿಸೋ ಕೆಲಸ ನಿಂದು."

ತನಿಖೆಯವನು ಬೇಡ ಅನ್ನಲು ಒಂದು ನಿಯಮ ಹುಡುಕಿದ, ಸಿಗಲಿಲ್ಲ. ಫೈಲು ತೊಡೆಯ ಮೇಲಿಟ್ಟುಕೊಂಡು ಬೆಲ್ಟು ಬಿಗಿದ. ನೀಲಿ ಕಾರು ಬೀದಿಯ ತುದಿಗೆ ಹೋಗಿ ಗೋದಾಮಿನ ರಸ್ತೆಗೆ ಹೊರಳಿತು. ತಗಡಿನ ಗೋಡೆಗಳು, ಬೀಗ ಹಾಕಿದ ಬಾಗಿಲುಗಳು, ಸ್ಟೂಲಿನ ಮೇಲೆ ಕೂತ ಕಾವಲುಗಾರ, ಮತ್ತೆ ತಗಡಿನ ಗೋಡೆಗಳು. "ಒಂದು," ಅಂದಳು ಹುಡುಗಿ. ನಾಲ್ಕನೇ ಸುತ್ತಿಗೆ ದೊಡ್ಡಮ್ಮನ ಮಂಡಿ ಚುಚ್ಚತೊಡಗಿತು. ಐದಕ್ಕೆ ಹುಡುಗಿ ಹಿಂದಿನಿಂದ ಬಗ್ಗಿ ತನ್ನ ಸ್ವೆಟರನ್ನು ಮಡಚಿ ಅವಳ ಸೊಂಟದ ಹಿಂದೆ ತುರುಕಿದಳು. ಏಳನೇ ಸುತ್ತಿಗೆ ತನಿಖೆಯವನು ಕತ್ತಿನ ಗುಂಡಿ ಬಿಚ್ಚಿ ಕಿಟಕಿಯ ಗಾಜು ಇಳಿಸಿಕೊಂಡ, ಎಂಟಕ್ಕೆ ಕಾವಲುಗಾರ ಎದ್ದು ನಿಂತು ಕೈ ಎತ್ತಿದಾಗ ತಾನೂ ಕೈ ಎತ್ತಿದ. ಬಿಸಿಲು ತಗಡಿನ ಮೇಲೆ ಹಳದಿಗಟ್ಟಿ, ಕೆಂಪಾಗಿ, ಇಳಿಯುತ್ತಾ ಬಂತು.

"ಹತ್ತು," ಅಂದಳು ಹುಡುಗಿ.

ತನಿಖೆಯವನು ಖಾತ್ರಿ ಮಾಡಿಕೊಳ್ಳಲು ಮೀಟರಿನ ಕಡೆ ಕತ್ತು ಚಾಚಿದ.

"ಹತ್ತು ಅಂದ್ಳಲ್ಲ," ಅಂದಳು ದೊಡ್ಡಮ್ಮ. ಅವಳು ಆ ಕಡೆ ನೋಡಲಿಲ್ಲ. ಇಂಡಿಕೇಟರ್ ಹಾಕಿ, ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನಿಗೆ ದಾರಿ ಬಿಟ್ಟು, ಕಾರನ್ನು ಮನೆಯ ಬೀದಿಗೆ ತಿರುಗಿಸಿದಳು.